ರಾಜನ ಕುದುರೆ ನಡೆ

ಫೋರ್ಟ್ ಬಡಾವಣೆಯ ನಮ್ಮ ಆಫೀಸಿನ ಕಂಪ್ಯೂಟರಿಗೆ ನಾನು ಚದುರಂಗ ಕಲಿಸುತ್ತಿದ್ದ ಕಾಲ ಅದು. ಪ್ರತಿ ಹೊಸ ಆವೃತ್ತಿಯ ಜೊತೆ ಆಡಿ ಪರೀಕ್ಷಿಸುತ್ತಿದ್ದವರು ಕ್ಯಾಂಟೀನಿನ ಉಡುಪಿ ಅಡುಗೆಭಟ್ಟರು. ಬೆಳಗಿನಿಂದ ಒಲೆಯ ಮುಂದೆ ನಿಂತ ಕಾಲುಗಳನ್ನು ಚಪ್ಪಲಿಯಿಂದ ಬಿಡಿಸಿ, “ಆಯ್ತು, ಮುಗಿಸುವ” ಎಂದು ಕೂರುತ್ತಿದ್ದರು. ಯಂತ್ರ ಯೋಚಿಸುವಷ್ಟು ಹೊತ್ತು ತೂಕಡಿಸಿ, ಕೊನೆಗೆ ಗೆದ್ದು ಏಳುತ್ತಿದ್ದರು.

ಐದನೆಯ ಆವೃತ್ತಿ ಅವರನ್ನು ಮೂಲೆಗೆ ತಳ್ಳಿತು. ಅವರು ರಾಜನನ್ನೆತ್ತಿ ಕುದುರೆಯಂತೆ ಹಾರಿಸಿದರು. ನಾನು ಆ ನಡೆಯನ್ನು ಟೈಪು ಮಾಡಿದೆ, ಯಂತ್ರ ಒಪ್ಪಲಿಲ್ಲ.

“ಊರಲ್ಲಿ ರಾಜನಿಗೆ ಒಂದು ಸಲ ಹಾರ್ಲಿಕ್ಕುಂಟು ಮಾರಾಯ್ರೆ. ಇಷ್ಟು ದಿನ ಬೇಕಾಗ್ಲಿಲ್ಲ, ಅಷ್ಟೆ.”

“ಇದಕ್ಕೆ ಆ ನಿಯಮ ಗೊತ್ತಿಲ್ಲ ಭಟ್ರೇ.”

ಅವರು “ಆಯ್ತು, ಮುಗಿಸುವ” ಎಂದು ರಾಜನನ್ನು ಮಲಗಿಸಿ, ಕಾಲಿನಿಂದ ಚಪ್ಪಲಿ ತಡಕಿದರು.

ಯಂತ್ರದ ಮೊದಲ ಗೆಲುವೆಂದು ನಾನು ವರದಿ ಬರೆದೆ. ರಾಜನ ಆ ನಡೆಯನ್ನು ನನ್ನಜ್ಜ ನನಗೂ ಕಲಿಸಿದ್ದರು.