ಅತ್ತೆಗೆ ಏರಿಸಿದ ಬಾಟಲಿ

ನಮ್ಮ ಅತ್ತೆಗೆ ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ನಗು. ನಗಬಾರದಿತ್ತು, ಒಪ್ಪುತ್ತೇನೆ. ಆದರೆ ನಲವತ್ತು ವರ್ಷ ಕಾಲ ಹಳೇ ಯಲಹಂಕದ ಅರ್ಧ ಊರಿಗೆ ಹಾಲು ಹಾಕಿದ ಹೆಂಗಸಿನ ಮೈಯಲ್ಲಿ ಕ್ಯಾಲ್ಸಿಯಂ ಇಲ್ಲ ಎಂದರೆ ಇನ್ನೇನು ಮಾಡಲಿ?

"ಹಾಲು ಕುಡಿಯಲ್ವಾ ಅಮ್ಮ ನೀವು?" ಎಂದು ಡಾಕ್ಟರು ಕೇಳಿದರು.

"ಎಲ್ಲಾ ನಾವೇ ಕುಡುದ್ರೆ ಮಾರೋದೇನು?" ಎಂದರು ಅತ್ತೆ.

ಡಾಕ್ಟರು ನನ್ನ ಮುಖ ನೋಡಿದರು. ಈ ಸೊಸೆ ಅತ್ತೆಗೆ ಒಂದು ಲೋಟ ಹಾಲೂ ಕೊಡುವುದಿಲ್ಲವೇನೋ ಎಂಬ ನೋಟ. ನಾನು ಆ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಅತ್ತೆ ಲೋಟದಲ್ಲಿ ಹಾಲು ಕುಡಿದದ್ದನ್ನು ಒಂದು ದಿನವೂ ನೋಡಿರಲಿಲ್ಲ. ವರ್ತನೆ ಮನೆಗಳಿಗೆಲ್ಲ ಅಳೆದು ಉಳಿದದ್ದಕ್ಕೆ ನೀರು ಬೆರೆಸಿ ಕಾಫಿ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಅದನ್ನೆಲ್ಲ ಡಾಕ್ಟರಿಗೆ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಆಗಿದ್ದಿಷ್ಟು. ಹಸುವಿಗೆ ಕಲಗಚ್ಚಿನ ಬಕೆಟ್ಟು ಎತ್ತುವಾಗ ಅತ್ತೆಯ ಬೆನ್ನಲ್ಲಿ ಚಟ್ ಎಂದಿತಂತೆ. ಮೂರು ವಾರ ಮುಲಾಮು ತಿಕ್ಕಿದೆ, ಬಿಸಿನೀರು ಹುಯ್ದೆ, ಅವರು ಮಾತ್ರ ದಿನದಿಂದ ದಿನಕ್ಕೆ ಬಗ್ಗುತ್ತಲೇ ಹೋದರು. ಕೊನೆಗೆ ನನ್ನ ಗಂಡ ಟೆಂಪೋದಲ್ಲಿ ಕೂರಿಸಿಕೊಂಡು ಹೆಬ್ಬಾಳದ ಕಡೆ ಒಂದು ನರ್ಸಿಂಗ್ ಹೋಂಗೆ ಕರೆತಂದ. ಬೆನ್ನುಮೂಳೆಯಲ್ಲಿ ಒಂದು ಬಿಲ್ಲೆ ಅಪ್ಪಚ್ಚಿಯಾಗಿತ್ತು. ಹೀಗೇ ಬಿಟ್ಟರೆ ಇನ್ನೊಂದು ಮುರಿಯುತ್ತದೆ, ಸೊಂಟ ಮುರಿದರೆ ಮಲಗಿಬಿಡುತ್ತಾರೆ ಎಂದರು ಡಾಕ್ಟರು. ಅದಕ್ಕೊಂದು ಔಷಧವಿದೆ, ವರ್ಷಕ್ಕೆ ಒಂದೇ ಸಲ, ಡ್ರಿಪ್ಪಿನಲ್ಲಿ ಏರಿಸುತ್ತೇವೆ ಎಂದರು.

ಮತ್ತೆ ಇದನ್ನೂ ಹೇಳಿದರು, ನನ್ನ ಕಿವಿಯಾರೆ ಕೇಳಿದ್ದೇನೆ: "ಎರಡು ತಿಂಗಳು ಈ ಕ್ಯಾಲ್ಸಿಯಂ ಮಾತ್ರೆ, ಈ ಪುಡಿ ತಪ್ಪದೇ ತಗೊಳ್ಳಿ. ಆಮೇಲೇ ಇಂಜೆಕ್ಷನ್. ಮಾತ್ರೆ ಇಲ್ದೆ ಅದನ್ನ ಕೊಟ್ರೆ ರಕ್ತದಲ್ಲಿರೋ ಕ್ಯಾಲ್ಸಿಯಂ ಇಳಿದುಹೋಗತ್ತೆ." ನಾನು ತಲೆಯಾಡಿಸಿದೆ. ಅತ್ತೆಯೂ ತಲೆಯಾಡಿಸಿದರು.

ಬಾಟಲಿ ಎಂದ ಕೂಡಲೇ ಅತ್ತೆಗೆ ಖುಷಿಯೋ ಖುಷಿ. ಅದಕ್ಕೊಂದು ಕಾರಣವಿತ್ತು. ಒಂದು ಕಾಲಕ್ಕೆ ಆರು ಹಸು ಕಟ್ಟಿದ್ದ ನಮ್ಮ ಕೊಟ್ಟಿಗೆಯಲ್ಲಿ ಆಗ ಉಳಿದಿದ್ದು ಒಂದೇ ಸೀಮೆ ಹಸು. ಸುತ್ತ ಅಪಾರ್ಟ್‌ಮೆಂಟು ಎದ್ದು ಮೇಯಿಸಲು ಜಾಗವಿರಲಿಲ್ಲ. ಆ ಹಸು ಹಿಂದಿನ ಸಲ ಕರು ಹಾಕಿದ ಮರುದಿನ ಕಾಲು ಮಡಚಿ ಬಿದ್ದುಬಿಟ್ಟಿತ್ತು. ಮೈಯೆಲ್ಲ ತಣ್ಣಗೆ, ಕತ್ತು ಒಂದು ಕಡೆ ತಿರುಚಿಕೊಂಡು. ಹಾಲು ಇಳಿದಾಗ ಮೈಯಲ್ಲಿನ ಕ್ಯಾಲ್ಸಿಯಂ ಎಲ್ಲ ಹಾಲಿಗೇ ಹೋಗಿ ಹೀಗಾಗುತ್ತದೆ ಎಂದು ದನದ ಡಾಕ್ಟರು ಬಂದು ಕತ್ತಿನ ನರಕ್ಕೆ ಒಂದು ಬಾಟಲಿ ಏರಿಸಿದರು. ಒಂದು ಗಂಟೆಯಲ್ಲಿ ಅದು ಎದ್ದು ನಿಂತು, ಗಂಜಲ ಹುಯ್ದು, ಹುಲ್ಲಿಗೆ ಬಾಯಿ ಹಾಕಿತು. ಅತ್ತೆ ಅವತ್ತು ಆ ಡಾಕ್ಟರಿಗೆ ಕೈಮುಗಿದು ನಿಂತಿದ್ದರು.

"ನಂಗೂ ಒಂದ್ ಬಾಟ್ಲು ಏರ್ಸಿಬುಟ್ರೆ ಎದ್ ನಿಂತ್ಕತೀನಿ ಬುಡು," ಎನ್ನುತ್ತಿದ್ದರು.

"ಅತ್ತೆ, ಅದು ಬೇರೆ, ಇದು ಬೇರೆ ಔಷಧ."

"ಯಾವ್ದಾದ್ರೇನು, ಮೂಳೆಗೇ ತಾನೆ?"

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಅವರ ಜೊತೆ ವಾದ ಮಾಡುವುದಕ್ಕಿಂತ ನಾಲ್ಕು ಬ್ಲೌಸ್ ಹೊಲಿಯಬಹುದು. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ನನ್ನ ಗಂಡ ಬೆಳಗ್ಗೆ ಬೆಳಗ್ಗೆಯೇ ಯಶವಂತಪುರ ಯಾರ್ಡಿಗೆ ಟೆಂಪೋ ತೆಗೆದುಕೊಂಡು ಹೋದರೆ ಬರುವುದು ಮಧ್ಯಾಹ್ನ ಊಟದ ಹೊತ್ತಿಗೆ. ಮನೆಯಲ್ಲಿ ಇರುತ್ತಿದ್ದವರು ನಾನು, ಅತ್ತೆ, ಹಿತ್ತಿಲಲ್ಲಿ ಹಸು. ದಿನಾ ತಿಂಡಿಯಾದ ಮೇಲೆ ಎರಡು ಮಾತ್ರೆ ಅತ್ತೆಯ ಅಂಗೈಗೆ ಹಾಕಿ, ಒಂದು ಲೋಟ ನೀರು ಕೊಟ್ಟು ಮಿಷನ್ನಿಗೆ ಕೂರುತ್ತಿದ್ದೆ. ಅವರು ಲೋಟ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದರು. ವಾಪಸ್ ಬಂದಾಗ ಲೋಟ ಖಾಲಿ, ಕೈ ಖಾಲಿ. ಆ ನಡುವೆ ಹಸು ಮತ್ತೆ ಕರು ಹಾಕಿತು. ಸದ್ಯ, ಈ ಸಲ ಬೀಳಲಿಲ್ಲ. ಗಿಣ್ಣು ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದೆವು.

ಎರಡು ತಿಂಗಳು ಮುಗಿಯಿತು. ಕಿಡ್ನಿಯದ್ದೇನೋ ಪರೀಕ್ಷೆ ಮಾಡಿ, ಚೆನ್ನಾಗಿದೆ ಎಂದು ಬಾಟಲಿ ಏರಿಸಿದರು. ಅರ್ಧ ಗಂಟೆ ಅಷ್ಟೇ. ಅತ್ತೆ ಹಾಸಿಗೆಯಿಂದ ತಾವೇ ಇಳಿದು, ಸೆರಗು ಸರಿಮಾಡಿಕೊಂಡು, ಇಷ್ಟಕ್ಕೇ ಇಷ್ಟೊಂದು ರಗಳೆ ಮಾಡಿದ್ರಾ ಎಂಬಂತೆ ನನ್ನ ಕಡೆ ನೋಡಿದರು. ಜ್ವರ ಬರಬಹುದು, ಮೈಕೈ ನೋವು ಬರಬಹುದು, ಎರಡು ಮೂರು ದಿನ ಇರುತ್ತೆ, ನಾರ್ಮಲ್, ಗಾಬರಿಯಾಗಬೇಡಿ ಎಂದು ನರ್ಸು ಹೇಳಿ ಕಳಿಸಿದಳು.

ಮರುದಿನ ಬಂತು ನೋಡಿ. ಅಯ್ಯೋ ಶಿವನೇ, ಅದು ಜ್ವರವೋ ಬೆಂಕಿಯೋ. ಮೂಳೆ ಮೂಳೆಯನ್ನೂ ಯಾರೋ ಒನಕೆಯಲ್ಲಿ ಕುಟ್ಟುತ್ತಿದ್ದಾರೆ ಎಂದು ಅತ್ತೆ ನರಳುತ್ತಿದ್ದರು. ಹೊದಿಸಿದರೆ ಹೊದಿಕೆ ಭಾರ ಎನ್ನುವರು, ತೆಗೆದರೆ ಚಳಿ ಎನ್ನುವರು. ಜ್ವರದ ಮಾತ್ರೆ ಕೊಟ್ಟೆ, ಒದ್ದೆಬಟ್ಟೆ ಹಾಕಿದೆ, ಗಂಜಿ ಕಾಯಿಸಿದೆ. ಒಂದು ಗುಟುಕು ಕುಡಿದು ಮುಖ ಗೋಡೆಗೆ ತಿರುಗಿಸಿದರು.

"ಆ ಬಾಟ್ಲು ಹಾಕ್ದೋನ್ಗೆ ಹೇಳಮ್ಮಿ, ವಾಪಸ್ ತಗೀಲಿ," ಎಂದರು.

"ಅದು ಹೆಂಗೆ ಅತ್ತೆ ತೆಗೆಯಕ್ಕಾಗತ್ತೆ?"

"ಹಾಕಕ್ ಗೊತ್ತಾದೋನ್ಗೆ ತಗಿಯಕ್ ಗೊತ್ತಾಗಲ್ವಾ?"

ನಾನೂ ಪೆದ್ದಿ, ಫೋನು ಮಾಡಿ ನರ್ಸನ್ನು ಕೇಳಿಯೇಬಿಟ್ಟೆ. ಆಕೆ ನಗಲಿಲ್ಲ ಪಾಪ. ಒಂದು ಸಲ ಮೂಳೆಗೆ ಸೇರಿದರೆ ಸೇರಿತು ಅಮ್ಮ, ವರ್ಷಗಟ್ಟಲೆ ಅಲ್ಲೇ ಇರುತ್ತೆ ಎಂದಳು. ಮಾತ್ರೆಯಾದರೆ ನಾಳೆಯಿಂದ ಬೇಡ ಎನ್ನಬಹುದು. ಇದು ಅತ್ತೆಯ ಒಳಗೆ ಹೋಗಿ ಕೂತಾಗಿತ್ತು. ಅವರು ನನ್ನ ಕಡೆ ನೋಡುತ್ತಿದ್ದರು, ನಾನೇನೋ ಮಾಡುತ್ತೇನೆ ಎಂದು. ನನ್ನ ಕೈಲಿ ಇದ್ದಿದ್ದು ಒದ್ದೆಬಟ್ಟೆ ಒಂದೇ.

ಆ ದಿನಗಳಲ್ಲಿ ಹಸುವಿನ ಹಾಲು ನಾನೇ ಕರೆದೆ. ಕರೆದೆ ಎನ್ನುವುದು ದೊಡ್ಡ ಮಾತು, ಅದು ನನ್ನನ್ನು ಎರಡು ಸಲ ಒದ್ದು ಬಕೆಟ್ಟು ಉರುಳಿಸಿತು. ಒಳಗೆ ಅತ್ತೆ ಆ ಸದ್ದು ಕೇಳಿ, "ಅದ್ರ ಬೆನ್ನು ಸವರು, ಮಾತಾಡ್ಸು, ಆಮೇಕೆ ಕೂತ್ಕ," ಎಂದು ಮಲಗಿದಲ್ಲಿಂದಲೇ ಕೂಗುತ್ತಿದ್ದರು. ನೂರಾಮೂರು ಜ್ವರದಲ್ಲೂ ಹಸುವಿನದೇ ಚಿಂತೆ. ನನಗೂ ಒಂದು ಸಲ ಹೀಗೆ ಬೆನ್ನು ಸವರಿ ಮಾತಾಡಿಸಿದ್ದರೆ ಚೆನ್ನಾಗಿರುತ್ತಿತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ನಾಲ್ಕನೇ ದಿನ ಜ್ವರ ಬಿಟ್ಟಿತು. ಗೆದ್ದೆವು ಎಂದುಕೊಂಡೆ. ಐದನೇ ದಿನ ಅತ್ತೆ, "ತುಟಿ ಸುತ್ತಾ ಇರುವೆ ಓಡಾಡ್ದಂಗಾಯ್ತದೆ ಕಣಮ್ಮಿ," ಎಂದರು. ನಾರ್ಮಲ್ ಅತ್ತೆ ಎಂದೆ. ಆರನೇ ದಿನ ಬೆರಳ ತುದಿಯೆಲ್ಲ ಜೋಮು ಎಂದರು. ಇನ್ನೂ ಎರಡು ದಿನ ನೋಡೋಣ, ನಾರ್ಮಲ್ ಅಂತ ಅವರೇ ಹೇಳಿದಾರಲ್ಲ ಎಂದು ಗದರಿದೆ. ನರ್ಸು ಹೇಳಿದ್ದು ಜ್ವರಕ್ಕೆ, ಮೈಕೈ ನೋವಿಗೆ. ಆ ಒಂದು ಪದವನ್ನು ನಾನು ಎಲ್ಲದಕ್ಕೂ ಹಚ್ಚಿದೆ. ಹಬ್ಬಕ್ಕೆ ಕೊಡಬೇಕಾದ ಬ್ಲೌಸು ಬೇರೆ ರಾಶಿ ಬಿದ್ದಿತ್ತು, ಮತ್ತೆ ಆಸ್ಪತ್ರೆಗೆ ಅಲೆಯುವುದು ನನಗೆ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ಅದೇ ಕಾರಣ.

ಏಳನೇ ದಿನ ಬೆಳಗ್ಗೆ, ಹಸು ಸೊರಗಿದೆ, ನಾನೇ ಕರೀತೀನಿ ಎಂದು ಅತ್ತೆ ಹಠ ಮಾಡಿ ಮಣೆ ಹಾಕಿಕೊಂಡು ಕೂತರು. ಅವತ್ತು ಏರ್‌ಫೋರ್ಸ್ ವಿಮಾನಗಳು ತಲೆಯ ಮೇಲೇ ಗುಡುಗುತ್ತಿದ್ದವು. ಕೂಗಿದ್ದು ನನಗೆ ಮೊದಲು ಕೇಳಿಸಲೇ ಇಲ್ಲ. ಸದ್ದು ನಿಂತಾಗ, "ಬಾರಮ್ಮಿ, ಕೈ ಬುಡುಸ್ಬಾ," ಎಂದದ್ದು ಕೇಳಿ ಓಡಿದೆ. ಅವರ ಎರಡು ಕೈಯೂ ಕೆಚ್ಚಲ ಹತ್ತಿರ ಹಾಗೇ ಸೆಟೆದು ನಿಂತಿದ್ದವು. ಮಣಿಕಟ್ಟು ಮುರಿದಂತೆ ಬಗ್ಗಿ, ಬೆರಳೆಲ್ಲ ಒಂದಕ್ಕೊಂದು ಅಂಟಿಕೊಂಡು. ನಾನು ಬಿಡಿಸಲು ಎಳೆದರೆ ಕಿರುಚಿಕೊಂಡರು. ಹಸು ಅಲುಗಾಡದೆ ನಿಂತಿತ್ತು.

ಗಂಡ ಫೋನು ಎತ್ತಲಿಲ್ಲ. ಆಟೋ ಹಿಡಿದೆ. ಹೆಬ್ಬಾಳದ ಹತ್ತಿರ ಬರುವಷ್ಟರಲ್ಲಿ ಟ್ರಾಫಿಕ್ಕು ನಿಂತಲ್ಲೇ ನಿಂತಿತು. ಅತ್ತೆಯ ಪಾದವೂ ಸೆಟೆಯತೊಡಗಿತು. ನಾನು ಅವರ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ತಿಕ್ಕುತ್ತಿದ್ದೆ, ಅಳುತ್ತಿದ್ದೆ, ಮುಂದಿನ ಗಾಡಿಯವರನ್ನೆಲ್ಲ ಬೈಯುತ್ತಿದ್ದೆ. ಆಟೋದವನು, "ನಾನೇನ್ ಹಾರ್ಕೊಂಡು ಹೋಗ್ಲಾ ಅಕ್ಕಾ?" ಎಂದ. ಅವನದೇನೂ ತಪ್ಪಿರಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ವೈರುಗಳನ್ನು ಅಂಟಿಸಿ, ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಿಟ್ಟರು. ಒಂದೊಂದೇ ಬೆರಳು ಸಡಿಲವಾಯಿತು. ಡಾಕ್ಟರು ಬಂದು ರಕ್ತದ ರಿಪೋರ್ಟು ನೋಡಿ, ನನ್ನನ್ನು ಕೇಳಿದರು: "ಮಾತ್ರೆ ಕೊಟ್ಟಿದ್ರಾ?"

ಸಿಟ್ಟು ನೆತ್ತಿಗೇರಿತು. "ಒಂದು ದಿನ ತಪ್ಪಿಸಿಲ್ಲ ಸಾರ್. ನನ್ನ ಕೈಯಾರೆ ಅವರ ಕೈಗೆ ಹಾಕಿದೀನಿ. ಕೇಳಿ ಬೇಕಾದ್ರೆ."

ಡಾಕ್ಟರು ಅತ್ತೆಯ ಕಡೆ ತಿರುಗಿದರು. "ತಗೊಂಡ್ರಾ ಅಮ್ಮ?"

ಅತ್ತೆಗೆ ಸುಳ್ಳು ಬರುವುದಿಲ್ಲ. "ಇಲ್ಲ," ಎಂದರು. "ಅಸೂಗೆ ಹಾಕ್ದೆ. ಪುಡೀನೂ ಅದ್ಕೇ. ಬೂಸಾದಾಗೆ ಕಲ್ಸಿ."

ನನಗೆ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಎರಡು ತಿಂಗಳು! ದಿನಾ ಎರಡು ಮಾತ್ರೆ! "ಯಾಕತ್ತೆ? ಏನ್ ಅನ್ಯಾಯ ಮಾಡಿದ್ದೆ ನಾನು ನಿಮಗೆ?" ಎಂದು ವಾರ್ಡಿನಲ್ಲೇ ಕೂಗಿದೆ. ಪಕ್ಕದ ಹಾಸಿಗೆಯವರು ಎದ್ದು ಕೂತರು.

"ಅಂಗಲ್ಲ ಕಣಮ್ಮಿ. ನಂಗೆಂಗೂ ಬಾಟ್ಲು ಏರುಸ್ತಾರಲ್ಲ ಅಂತ. ಅದು ತಿರ್ಗಾ ಬಿದ್ದೋದ್ರೆ?" ಎಂದು ನನಗೆ ಹೇಳಿ, ಡಾಕ್ಟರಿಗೆ ಲೋಕವ್ಯವಹಾರ ತಿಳಿಸುವವರಂತೆ ಹೇಳಿದರು: "ಅಸ ಬಿದ್ರೆ ಎತ್ತಕ್ಕೆ ನಾಕಾಳು ಬೇಕು ಸ್ವಾಮಿ. ನಾನ್ ಬಿದ್ರೆ ನಮ್ ಸೊಸೆ ಒಬ್ಳೇ ಸಾಕು."

ಡಾಕ್ಟರು ಫೈಲಿನಲ್ಲಿ ಏನೋ ಬರೆದುಕೊಂಡರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಇಪ್ಪತ್ತು ವರ್ಷದಲ್ಲಿ ಅತ್ತೆ ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಹೀಗೆ.

ಮೂರು ದಿನಕ್ಕೆ ಮನೆಗೆ ಬಂದೆವು. ಆಮೇಲೆ ನಾನು ಎದುರಿಗೇ ಕೂತು ಮಾತ್ರೆ ನುಂಗಿಸಿದೆ. "ಆ ಮಾಡಿ," ಎಂದು ಬಾಯಿ ತೆರೆಸಿ ನೋಡುತ್ತಿದ್ದೆ. "ಅತ್ತೇಗೊಂದು ಕಾಲ, ಸೊಸೇಗೊಂದು ಕಾಲ," ಎಂದು ಗೊಣಗಿಕೊಂಡೇ ಬಾಯಿ ತೆರೆಯುತ್ತಿದ್ದರು. ಮಾತ್ರೆಗೆ ಒಪ್ಪಿದರು, ಬಾಟಲಿಗೆ ಮಾತ್ರ ಒಪ್ಪಲಿಲ್ಲ. ಮುಂದಿನ ವರ್ಷದ ಡ್ರಿಪ್ಪಿಗೆ ಡಾಕ್ಟರು ಕರೆದರು. ಈ ಸಲ ಕ್ಯಾಲ್ಸಿಯಂ ಸರಿಯಾಗಿದೆ, ಹಾಗಾಗುವುದಿಲ್ಲ, ಎರಡನೇ ಸಲ ಜ್ವರವೂ ಕಮ್ಮಿ ಎಂದು ಬಿಡಿಸಿ ಹೇಳಿದರು. ನಾನು ಕಾಲು ಹಿಡಿದೆ. ನನ್ನ ಗಂಡ ಬೈದ. "ಸಾಯ್ತೀನಿ, ಅದುನ್ನ ಮಾತ್ರ ಹಾಕುಸ್ಕಳಲ್ಲ," ಎಂದು ಕಂಬ ಹಿಡಿದು ಕೂತುಬಿಟ್ಟರು. ಮಗುವಾಗಿದ್ದರೆ ಎತ್ತಿಕೊಂಡು ಹೋಗಬಹುದಿತ್ತು. ಎಪ್ಪತ್ತರ ಹೆಂಗಸನ್ನು ಏನು ಮಾಡುವುದು? ಅವರ ಹೆದರಿಕೆಯಲ್ಲಿ ಸುಳ್ಳೇನಿತ್ತು? ಆ ಏಳು ದಿನ ಅನುಭವಿಸಿದವರು ಅವರು, ನಾರ್ಮಲ್ ಎಂದವಳು ನಾನು.

ಮತ್ತೊಂದು ವರ್ಷ ಕಳೆಯಿತು. ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಧೊಪ್ ಎಂದಿತು. ಸೂಜಿ ಅಲ್ಲೇ ಬಿಟ್ಟು ಓಡಿದೆ. ಅತ್ತೆ ಗಂಜಲದ ಕಾಲುವೆಯ ಪಕ್ಕ ಒಂದು ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ಹೊರಗಡೆಗೆ ತಿರುಗಿಕೊಂಡಿತ್ತು. ಸೊಂಟ ಹೋಗಿದೆ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ. ಅವರು ಕಿರುಚಿದ್ದಕ್ಕೆ ಕೈ ಬಿಟ್ಟೆ. ಸೊಂಟದ ಕೆಳಗೆ ಸೀರೆ ಮಡಚಿಟ್ಟು ಎಳೆಯೋಣವೆಂದು ನೋಡಿದೆ, ಅದೂ ಆಗಲಿಲ್ಲ. ನಲವತ್ತು ಕೆಜಿಯೂ ಇರಲಿಲ್ಲ ಅತ್ತೆ. ಆದರೂ ನನ್ನ ಕೈಯಲ್ಲಿ ಆಗಲಿಲ್ಲ. ಬೀದಿಗೆ ಓಡಿ ಕೂಗಿದೆ, ಎದುರುಮನೆ ಬೀಗ ಹಾಕಿತ್ತು. ಗಂಡನಿಗೆ ಫೋನು ಮಾಡಿದೆ, ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಂಡಿದೀನಿ, ಆಂಬುಲೆನ್ಸಿಗೆ ಹೇಳ್ತೀನಿ ಎಂದ. ವಾಪಸ್ ಬಂದು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಗಣಿ ನೀರಿನಲ್ಲೇ ಕೂತೆ.

"ಆಗ್ತಿಲ್ಲ ಅತ್ತೆ," ಎಂದೆ. "ನನ್ನೊಬ್ಬಳ ಕೈಲಿ ಆಗ್ತಿಲ್ಲ."

ಅವರು ಹಲ್ಲು ಕಚ್ಚಿಕೊಂಡರು. ಆಮೇಲೆ ಕೈ ಎತ್ತಿ, ನನ್ನ ಕೆನ್ನೆ ಸಿಗದೆ, ಮೊಣಕೈಯನ್ನೇ ಸವರಿದರು.

"ಓಗ್ಲಿ ಬುಡು," ಎಂದರು. "ಅಳ್ಬ್ಯಾಡ. ನೀನೊಬ್ಳೇ ಸಾಕು ಅಂತ ನಾನೇ ತಪ್ ತಿಳ್ಕಂಡಿದ್ದೆ."