ಪೀಪಾಯಿ ಗಾಡಿಯ ತಂಡೇಲ

ನನ್ನ ಅಂಗಾರ ಮಾವನ ಗಾಡಿಯ ಬಗ್ಗೆ ಬೆಂಗ್ರೆಯಲ್ಲಿ ಈಗ ಹೇಳುವುದರಲ್ಲಿ ಅರ್ಧಕ್ಕರ್ಧ ಸುಳ್ಳು. ಅದಕ್ಕೆ ಮೋಟಾರು ಇತ್ತು ಎನ್ನುವವರಿದ್ದಾರೆ. ಹಾಯಿ ಬಿಚ್ಚಿ ಸುರತ್ಕಲ್ಲಿನವರೆಗೆ ಓಡಿತ್ತು ಎನ್ನುವವರೂ ಇದ್ದಾರೆ. ಹಾಯಿ ಕಟ್ಟಿದ್ದು ನಿಜ. ಓಡಿದ್ದು ಹತ್ತು ಮಾರು, ಆಮೇಲೆ ಗಾಡಿ ಮಗುಚಿ ಮಾವನ ಮೂಗು ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತಿತ್ತು. ಆ ಗಾಡಿ ಹುಟ್ಟಿದ್ದು ನಮ್ಮ ಮನೆಯ ಚಾವಡಿಯಲ್ಲಿ. ಅದರ ಒಂದೊಂದು ಮೊಳೆಯೂ ನನಗೆ ಗೊತ್ತು. ಆದ್ದರಿಂದ ಬೇರೆಯವರನ್ನು ಬಿಟ್ಟು ನನ್ನನ್ನು ಕೇಳಿ.

ಬೆಂಗ್ರೆಯೆಂದರೆ ಮಂಗಳೂರಿನ ಬಂದರಿಗೆ ಎದುರಾಗಿ, ಒಂದು ಮಗ್ಗುಲಲ್ಲಿ ನದಿ, ಇನ್ನೊಂದು ಮಗ್ಗುಲಲ್ಲಿ ಕಡಲು ಇರುವ ಹೊಯ್ಗೆಯ ಪಟ್ಟಿ. ಅಲ್ಲಿ ನಲವತ್ತು ಜನ ಸೇರಿ ದಡದಿಂದ ಎಳೆಯುವ ರಂಪಣಿ ಬಲೆಯೊಂದಕ್ಕೆ ಮಾವ ತಂಡೇಲ, ಅಂದರೆ ಮುಂದಾಳು. ತಂಡೇಲನ ಕೆಲಸ ಎಳೆಯುವುದಲ್ಲ, ನೋಡುವುದು. ಮೀನಿನ ಹಿಂಡು ದಡದ ಹತ್ತಿರ ಬಂದರೆ ಅಷ್ಟು ದೂರ ನೀರಿನ ಬಣ್ಣ ಕಪ್ಪಿಡುತ್ತದೆ. ತಂಡೇಲ ಆ ಕಪ್ಪಿಗೆ ಸರಿಯಾಗಿ ದಡದಲ್ಲಿ ಓಡುತ್ತಾನೆ. ಬಲೆ ಹೇರಿದ ದೋಣಿ ಅವನನ್ನೇ ನೋಡುತ್ತಾ ಕಡಲಲ್ಲಿ ಬರುತ್ತದೆ. ಹಿಂಡು ದಡದ ಕಡೆ ತಿರುಗಿದ ಗಳಿಗೆಯಲ್ಲಿ ಅವನು ತಲೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಬಿಚ್ಚಿ ಬೀಸಬೇಕು, ಆಗ ದೋಣಿಯವರು ಬಲೆ ಬಿಡುತ್ತಾರೆ. ಬೇಗ ಬೀಸಿದರೂ ತಡವಾಗಿ ಬೀಸಿದರೂ ನಲವತ್ತು ಜನ ಎಳೆಯುವುದು ಬರೀ ನೀರನ್ನು. ಹಿಂಡು ಇರುವುದು ಬೇರೆಯವರಿಗೂ ಕಾಣುತ್ತಿತ್ತು. ಅದು ತಿರುಗುವುದು ಮಾವನಿಗೆ ಕಂಡಷ್ಟು ಬೇಗ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಮನೆಯವಳೆಂಬ ಅಭಿಮಾನ ನನಗೆ ಧಾರಾಳವಾಗಿ ಉಂಟು, ಆದರೂ ಇದು ನಿಜ.

ಮೂವತ್ತನಾಲ್ಕನೆಯ ಇಸವಿಯ ಡಿಸೆಂಬರಿನಲ್ಲಿ, ದಡಕ್ಕೆ ತರುತ್ತಿದ್ದ ದೋಣಿಯನ್ನು ಅಲೆಯೊಂದು ಎತ್ತಿ ಮಾವನ ಎಡಗಾಲಿನ ಮೇಲೆ ಹಾಕಿತು. ಪೇಟೆಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿ ಬಂದರು. ಕಾಲು ಉಳಿಯಿತು, ಮೊಣಕಾಲು ಮಾತ್ರ ಮಡಚಲಿಲ್ಲ. ಗಟ್ಟಿ ನೆಲದಲ್ಲಿ ಊರುಗೋಲು ಹಿಡಿದು ನಡೆಯುವರು. ಹೊಯ್ಗೆಗೆ ಇಳಿದರೆ ನಾಲ್ಕನೆಯ ಹೆಜ್ಜೆಗೆ ಕೋಲು ಹೂತುಹೋಗುತ್ತಿತ್ತು. ಆ ವರ್ಷ ಉಳಿದ ದಿನಗಳಲ್ಲಿ ಬಟ್ಟೆ ಸುತ್ತಿಕೊಂಡು ಓಡಿದವನು ತುಕ್ರ. ಮೂವತ್ತರ ಪ್ರಾಯ, ಓಡಿದರೆ ನಾಯಿಯೂ ಹಿಂದೆ ಬೀಳಬೇಕು. ಒಳ್ಳೆಯವನೇ. ಆದರೆ ನನಗೆ ಆಗ ಅವನನ್ನು ಕಂಡರೆ ಮೈ ಉರಿಯುತ್ತಿತ್ತು, ಅದನ್ನು ಮುಚ್ಚಿಡುವುದು ಯಾಕೆ?

ಮಳೆಗಾಲಕ್ಕೆ ಮೊದಲು ಬಲೆಯ ಹಿರಿಯರು ನಮ್ಮ ಮನೆಗೆ ಬಂದರು. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯದು, ಹಾಗಾಗಿ ಮಾವ ಇದ್ದದ್ದು ತಂಗಿಯಾದ ನನ್ನ ಅಮ್ಮ ಮೋಹಿನಿಯ ಜೊತೆ. ಹಿರಿಯರಲ್ಲಿ ದೊಡ್ಡವರಾದ ಮುದ್ದಣ್ಣ ಎಲೆಯಡಿಕೆ ಹಾಕಿಕೊಂಡು, ಎಲ್ಲರೂ ನಿರ್ಧಾರ ಮಾಡಿ ತಂದ ಮಾತನ್ನು ಹೇಳಿದರು.

"ಅಂಗಾರ, ಇನ್ನು ಮುಂದೆ ಬಟ್ಟೆ ತುಕ್ರ ಹಿಡಿಯಲಿ. ನೀನು ಮನೆಯಲ್ಲಿ ಕೂತು ಬಲೆ ಹೆಣೆ. ನಿನ್ನನ್ನು ಯಾರೂ ಕೈ ಬಿಡುವುದಿಲ್ಲ."

"ಹೋದದ್ದು ಕಾಲು ಮುದ್ದಣ್ಣ, ಕಣ್ಣು ಉಂಟಲ್ಲ?" ಎಂದರು ಮಾವ. "ಮಳೆ ಮುಗಿಯಲಿ. ನಾನು ದೋಣಿಗೆ ಸರಿಯಾಗಿ ಬರ್ತೇನೆ."

"ಹೇಗೆ ಬರ್ತಿ ಮಾರಾಯ?"

"ಗಾಡಿಯಲ್ಲಿ."

ಹಿರಿಯರು ನಕ್ಕರು. ನಗಲಿ ಪಾಪ, ಹೊಯ್ಗೆಯಲ್ಲಿ ಗಾಡಿ ಓಡುವುದನ್ನು ಯಾರು ಕಂಡಿದ್ದರು? ಆದರೆ ಮಾವ ನಗಲಿಲ್ಲ. ಕೊನೆಗೆ ಮುದ್ದಣ್ಣ ಒಂದು ಮಾತಿಗೆ ಒಪ್ಪಿದರು. ಮಳೆ ಮುಗಿದು ಕಡಲು ತೆರೆದ ಮೊದಲ ದಿನ ಬಟ್ಟೆ ಮಾವನ ತಲೆಯಲ್ಲಿ. ತುಕ್ರ ಜೊತೆಯಲ್ಲೇ ಓಡುತ್ತಾನೆ. ಗಾಡಿ ಎಲ್ಲಾದರೂ ನಿಂತರೆ, ನಿಂತಲ್ಲೇ ಬಟ್ಟೆ ತುಕ್ರನಿಗೆ. ಆಮೇಲೆ ಆ ಮಾತು ಎತ್ತುವ ಹಾಗಿಲ್ಲ.

ಅವರು ಹೋದ ಮೇಲೆ ಅಮ್ಮ ಅಣ್ಣನ ಮೇಲೆ ಹರಿಹಾಯ್ದಳು. "ನಿನಗೆ ಎಂತ ಮರುಳಾ? ಮರ್ಯಾದೆಯಲ್ಲಿ ಕೊಟ್ಟದ್ದನ್ನು ತೆಗೆದುಕೊಂಡು ಕೂತರೆ ಆಗ್ತದಿಲ್ವಾ?" ಮಾವ ಅವಳ ಮೀನಿನ ಬುಟ್ಟಿಯನ್ನು ತೋರಿಸಿ, "ನಾಳೆಯಿಂದ ನೀನು ಅದನ್ನು ಹೊರುವುದು ಬೇಡ, ಕೂತು ತಿನ್ನು ಅಂತ ಹೇಳಿದರೆ ನೀನು ಕೂರ್ತಿಯಾ?" ಎಂದು ಕೇಳಿದರು. ಮಾತಿನಲ್ಲಿ ಸೋತಾಗ ಪಾತ್ರೆ ತೊಳೆಯುವುದು ಅಮ್ಮನ ವಾಡಿಕೆ. ಅಂದು ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಜೂನ್ ತಿಂಗಳಲ್ಲಿ ಕೆಲಸ ಸುರುವಾಯಿತು. ಹಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಲ್ಯಾನ್ಸಿ ಮಾವನ ಹಳೆಯ ಸ್ನೇಹಿತ. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಕೊಡೆ ಹಿಡಿದುಕೊಂಡು ನದಿ ದಾಟಿ ಬರುತ್ತಿದ್ದರು. ಮೊದಲು ತಂದದ್ದು ಮಣ್ಣು ಸಾಗಿಸುವ ತಳ್ಳುಗಾಡಿಯ ನಾಲ್ಕು ಕಬ್ಬಿಣದ ಗಾಲಿ. ಮಳೆ ಬಿಟ್ಟ ಒಂದು ಮಧ್ಯಾಹ್ನ ಅವನ್ನು ಹಲಗೆಗೆ ಜೋಡಿಸಿ ದಡಕ್ಕೆ ಒಯ್ದರು. ಮಾವ ಹತ್ತಿ ಕೂತರು. ಗಾಲಿಗಳು ಅಚ್ಚಿನವರೆಗೆ ಹೂತವು. ಮಾವನನ್ನು ಇಳಿಸಿ, ಗಾಲಿಗಳನ್ನು ಅಗೆದು ತೆಗೆಯುವಷ್ಟರಲ್ಲಿ ಮತ್ತೆ ಮಳೆ ಹೊಡೆಯಿತು. ನೋಡಲು ಬಂದವರು ಮಾತ್ರ ಒಬ್ಬರೂ ಮನೆಗೆ ಹೋಗಲಿಲ್ಲ.

"ಅಗಲ ಬೇಕು," ಎಂದರು ಮಾವ, ಏನೂ ಆಗದವರಂತೆ. "ಹೊಯ್ಗೆಯಲ್ಲಿ ದೋಣಿಯನ್ನು ನಾವು ಗಾಲಿಯ ಮೇಲೆ ತರ್ತೇವಾ? ಮರದ ದಿಮ್ಮಿಯ ಮೇಲೆ ಉರುಳಿಸಿ ತರ್ತೇವೆ. ದಿಮ್ಮಿಯಂಥದ್ದು, ಆದರೆ ಹಗುರದ್ದು ಬೇಕು."

ಸಿಕ್ಕಿದ್ದು ಬಂದರಿನಲ್ಲಿ, ಬೂತಾಯಿ ಮೀನಿನ ಎಣ್ಣೆ ತುಂಬುವ ಮರದ ಪೀಪಾಯಿ. ದೊಡ್ಡದಲ್ಲ, ಮೊಣಕಾಲೆತ್ತರದ್ದು. ಅಂಥ ಮೂರು ಬಂದವು. ಮುಂದೆ ಎರಡು, ಹಿಂದೆ ಒಂದು. ಅವುಗಳ ಜೊತೆ ನಾತವೂ ಬಂತು. ನಾನು ಆಗ ಪೇಟೆಯ ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ಆ ಮಳೆಗಾಲವಿಡೀ ಒಂದನೆಯ ತರಗತಿಯ ಮಕ್ಕಳು ನನ್ನ ಸೀರೆ ಮೂಸಿ ಮುಖ ಸಿಂಡರಿಸುತ್ತಿದ್ದವು.

ಲ್ಯಾನ್ಸಿಗೂ ಮಾವನಿಗೂ ಎರಡು ದೊಡ್ಡ ಜಗಳ ನಡೆದವು. ಮೊದಲನೆಯದು ತೂತಿನ ಬಗ್ಗೆ. ಪೀಪಾಯಿಯ ಎರಡೂ ತಲೆಗೆ ತೂತು ಕೊರೆದು ಕಬ್ಬಿಣದ ಸರಳು ತೂರಿಸಿದರೆ ಅಚ್ಚು ಒಂದು ಗಂಟೆಯ ಕೆಲಸ ಎಂದರು ಲ್ಯಾನ್ಸಿ. ಮಾವ ಪೀಪಾಯಿಗೆ ಅಡ್ಡ ಕೂತರು.

"ನೀರು ಹೋಗದ ಸಾಮಾನಿಗೆ ಕೈಯಾರೆ ತೂತು ಹಾಕುವುದಾ? ತೂತು ಬಿದ್ದದ್ದನ್ನು ನಾನು ಹತ್ತುವವನಲ್ಲ."

"ಅಂಗಾರಣ್ಣ, ಇದು ಗಾಡಿ ಮಾರಾಯ್ರೆ, ದೋಣಿ ಅಲ್ಲ!"

"ನಿನಗೆ ಗಾಡಿ."

ಮೀನುಗಾರನ ಹಟಕ್ಕೆ ಮದ್ದಿಲ್ಲ. ಪಾಪದ ಲ್ಯಾನ್ಸಿ ಮೂರು ಭಾನುವಾರ ಕೂತು, ಪೀಪಾಯಿಯ ತಲೆಗಳ ಮೇಲೆ ಮರದ ಬಿಲ್ಲೆ ಬಡಿದು, ಆ ಬಿಲ್ಲೆಗಳಿಗೆ ಗಿಡ್ಡ ಕಬ್ಬಿಣದ ಗೂಟ ಕೂರಿಸಿದರು. ಒಂದು ತೂತೂ ಒಳಗೆ ಇಳಿಯಲಿಲ್ಲ.

ಎರಡನೆಯ ಜಗಳ ಚುಕ್ಕಾಣಿಯದು. ಮಾವ ಹಿಂದಿನ ಪೀಪಾಯಿಯನ್ನು ತಿರುಗುವಂತೆ ಮಾಡಿ, ಅದಕ್ಕೆ ದೋಣಿಯ ಚುಕ್ಕಾಣಿಯಂಥ ಉದ್ದನೆಯ ಹಿಡಿ ಕೂರಿಸಲು ಹೇಳಿದರು.

"ಲೋಕದಲ್ಲಿ ಯಾವ ಗಾಡಿ ಹಿಂದಿನಿಂದ ತಿರುಗ್ತದೆ?" ಎಂದು ಲ್ಯಾನ್ಸಿ ತಲೆ ಚಚ್ಚಿಕೊಂಡರು. "ನಮ್ಮ ಕಾರ್ಖಾನೆಯ ದೊರೆಯ ಕಾರು ನೋಡಿ."

"ನಿನ್ನ ದೊರೆ ರಸ್ತೆ ನೋಡಿಕೊಂಡು ಹೋಗ್ತಾನೆ. ನಾನು ನೀರು ನೋಡ್ಬೇಕು. ಇಪ್ಪತ್ತು ವರ್ಷ ಚುಕ್ಕಾಣಿ ಕಂಕುಳಲ್ಲಿ ಹಿಡಿದವ ನಾನು. ಹಿಂದೆ ಇದ್ದರೆ ಕೈ ತನ್ನಷ್ಟಕ್ಕೆ ತಿರುಗಿಸ್ತದೆ. ಮುಂದೆ ಇಟ್ಟರೆ ಕಣ್ಣು ಗಾಡಿಗೆ ಹೋಗ್ತದೆ, ಮೀನು ಹೋಗುವಲ್ಲಿಗೆ ಹೋಗ್ತದೆ."

ಗಾಡಿ ಮುಗಿದ ದಿನ ಲ್ಯಾನ್ಸಿ ತಾವೇ ಮೊದಲು ಓಡಿಸುತ್ತೇನೆಂದು ಹತ್ತಿದರು. ಬಿದಿರಿನ ಉದ್ದ ಕೋಲು, ಅಂದರೆ ಗಳು, ಊರಿ ದೂಡಿದರೆ ಪೀಪಾಯಿಗಳು ಒದ್ದೆ ಹೊಯ್ಗೆಯ ಮೇಲೆ ಗುಡುಗುಡು ಉರುಳಿದವು. ನಮಗೆಲ್ಲ ಹಿಗ್ಗು. ಅಷ್ಟರಲ್ಲಿ ಲ್ಯಾನ್ಸಿ ದಡದ ಕಡೆ ಹೋಗಲೆಂದು ಹಿಡಿಯನ್ನು ದಡದ ಕಡೆಗೇ ಒತ್ತಿದರು. ಚುಕ್ಕಾಣಿಯ ಹಿಡಿ ಒತ್ತಿದ್ದಕ್ಕೆ ಎದುರು ಕಡೆಗೆ ತಿರುಗಿಸುತ್ತದೆ, ದೋಣಿ ಗೊತ್ತಿದ್ದವರು ಹಾಗೆ ಒತ್ತುವುದಿಲ್ಲ. ಗಾಡಿ ನೇರ ಅಲೆಗೆ ನುಗ್ಗಿತು. ಭಾನುವಾರದ ಇಸ್ತ್ರಿ ಅಂಗಿ, ಬೂಟು ಎಲ್ಲ ಉಪ್ಪುನೀರಿನಲ್ಲಿ ಅದ್ದಿ ಎದ್ದು ಬಂದರು. ಮಾವ ಹತ್ತಿ ಕೂತು, ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಯಲ್ಲಿ ಗಳು ಹಿಡಿದು, ಕಡಲಿನ ಕಡೆಗೇ ಮುಖ ಮಾಡಿಕೊಂಡು ದಡದುದ್ದ ಒಂದು ಸುತ್ತು ಹೋಗಿ ಬಂದರು. ದಾರಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಬಲೆ ಇಳಿಸುವ ದಿನ ಬಂತು. ನಾನು ಶಾಲೆಗೆ ಹೊಟ್ಟೆನೋವೆಂದು ಹೇಳಿ ಕಳುಹಿಸಿದೆ. ಬೆಳಿಗ್ಗೆ ಬಂಗುಡೆ ಮೀನಿನ ಹಿಂಡು ಕಂಡಿತು. ನೀರು ಕಪ್ಪಾಗಿ, ನಿಧಾನವಾಗಿ ಬಡಗಿನ ಕಡೆಗೆ, ಅಂದರೆ ಉತ್ತರಕ್ಕೆ, ತಣ್ಣೀರುಬಾವಿಯ ದಿಕ್ಕಿಗೆ ಸರಿಯುತ್ತಿತ್ತು. ದೋಣಿ ಹೊರಟಿತು. ದಡದಲ್ಲಿ ಮಾವನ ಗಾಡಿ, ಪಕ್ಕದಲ್ಲಿ ತುಕ್ರ, ಹಿಂದೆ ಹಗ್ಗ ಹೊತ್ತ ಗಂಡಸರು, ಅವರ ಹಿಂದೆ ಬುಟ್ಟಿ ಹಿಡಿದ ಅಮ್ಮ, ನಾನು ಮತ್ತು ಅರ್ಧ ಬೆಂಗ್ರೆ. ಅರ್ಧ ಮೈಲು ಗಾಡಿ ತುಕ್ರನಿಗೆ ಸಮಸಮ ಓಡಿತು. ನಗುತ್ತಿದ್ದವರ ಬಾಯಿ ಮುಚ್ಚಿತು. ನನಗೆ ಆದ ಖುಷಿಯನ್ನು ಬರೆದು ಮುಗಿಸಲಾರೆ.

ಅಷ್ಟರಲ್ಲಿ ಎದುರಿಗೆ ತೋಡು. ಹಿಂದಿನ ವಾರದ ಮಳೆಗೆ ಒಳಗಿನ ತಗ್ಗಿನಲ್ಲಿ ನಿಂತಿದ್ದ ನೀರು ಹೊಯ್ಗೆಯನ್ನು ಒಡೆದು ಕಡಲಿಗೆ ಇಳಿದಿತ್ತು. ಐದಾರು ಮಾರು ಅಗಲ, ಎದೆಮಟ್ಟ ನೀರು. ನನ್ನ ಜೀವವೇ ಹೋಯಿತು. ಗಾಡಿ ಇಲ್ಲಿ ನಿಲ್ಲುತ್ತದೆ, ಬಟ್ಟೆ ಇಲ್ಲಿಗೆ ಹೋಯಿತು ಎಂದುಕೊಂಡೆ. ಅಮ್ಮ ಬುಟ್ಟಿಯನ್ನು ನೆಲಕ್ಕಿಟ್ಟು ಮುಖ ತಿರುಗಿಸಿದಳು. ತುಕ್ರ ನೀರಿಗೆ ಹಾರಿದ.

ಮಾವ ದೂಡುವುದನ್ನು ನಿಲ್ಲಿಸಲೇ ಇಲ್ಲ. ಗಾಡಿ ಅಂಚಿನಿಂದ ಜಾರಿ ನೀರಿಗೆ ಬಿತ್ತು, ಮಾವನ ಸೊಂಟದವರೆಗೆ ಮುಳುಗಿತು, ಮತ್ತೆ ಎದ್ದು ತೇಲಿತು. ತೂತಿಲ್ಲದ ಮೂರು ಪೀಪಾಯಿ! ಮಾವ ಅದೇ ಗಳು ಊರಿ, ಅದೇ ಹಿಡಿಯನ್ನು ಕಂಕುಳಲ್ಲಿ ಒತ್ತಿ, ನದಿಯಲ್ಲಿ ದೋಣಿ ದಾಟಿಸುವವರಂತೆ ಹೊರಟರು. ಕಣ್ಣು ಕಡಲಿನಿಂದ ಕದಲಲಿಲ್ಲ. ತೋಡಿನ ನಡುವೆ ಇದ್ದಾಗಲೇ ಅವರು ಗಳುವನ್ನು ಬಲಗಂಕುಳಿಗೆ ಸಿಕ್ಕಿಸಿ ತಲೆಯ ಬಟ್ಟೆ ಬಿಚ್ಚಿದರು.

"ಅಂಗಾರಣ್ಣ, ಬೇಡ!" ಎಂದು ಎದೆಮಟ್ಟ ನೀರಿನಲ್ಲಿದ್ದ ತುಕ್ರ ಕೂಗಿದ. "ಅದು ಬಡಗಿಗೇ ಹೋಗ್ತಾ ಉಂಟು!"

ಹಿಂದಿನಿಂದ ಮುದ್ದಣ್ಣನೂ ಬೇಡ ಬೇಡ ಎಂದು ಕಿರುಚಿದರು. ನನಗೂ ಹಿಂಡು ಬಡಗಿಗೇ ಹೋಗುವಂತೆ ಕಂಡಿತು. ಮಾವ ಬಟ್ಟೆ ಬೀಸಿದರು. ದೋಣಿಯವರಿಗೆ ಕೂಗು ಕೇಳಿಸಲಿಲ್ಲ, ಬಟ್ಟೆ ಕಾಣಿಸಿತು. ಬಲೆ ನೀರಿಗೆ ಇಳಿಯಿತು.

ಆಮೇಲೆ ಎಳೆಯುವುದು. ಎರಡು ಗಂಟೆ ಹಿಡಿಯಿತು. ಬಲೆ ಬರಿದಾಗಿ ಬಂದರೆ ಮಾವನನ್ನು ನಾಳೆಯಿಂದ ದಡಕ್ಕೂ ಸೇರಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವರು ತೋಡಿನ ಆಚೆ ದಡದಲ್ಲಿ ಗಾಡಿಯ ಮೇಲೆ ಒದ್ದೆಯಾಗಿ ಕೂತು, ಸೊಂಟದ ಎಲೆಯಡಿಕೆ ನೆನೆದದ್ದಕ್ಕೆ ಕಡಲನ್ನು ಬಯ್ಯುತ್ತಿದ್ದರು. ಬಲೆಯ ಹೊಟ್ಟೆ ದಡಕ್ಕೆ ಹತ್ತಿರವಾದಾಗ ನೀರು ಕುದಿಯತೊಡಗಿತು. ಬಂಗುಡೆ, ಬರೀ ಬಂಗುಡೆ. ಎಳೆಯುವವರ ಕಾಲಿಗೆ ಬಡಿದು ಬಡಿದು ದಡವೆಲ್ಲ ಬೆಳ್ಳಗಾಯಿತು. ಅಮ್ಮ ಅತ್ತುಬಿಟ್ಟಳು, ನಾನೂ ಅತ್ತೆ.

ಆದರೆ ಮುದ್ದಣ್ಣ ಮಾತಿನ ಮನುಷ್ಯ. ಎಲ್ಲರ ಎದುರು ಕೇಳಿಯೇ ಬಿಟ್ಟರು. "ಮೀನು ಬಂತು, ಸರಿ. ಗಾಡಿ ತೋಡಿನಲ್ಲಿ ನಿಂತಿತ್ತಾ ಇಲ್ವಾ? ತುಕ್ರ, ನೀನು ಪಕ್ಕದಲ್ಲಿ ಇದ್ದೆಯಲ್ಲ, ಹೇಳು."

ನಿಂತಿತ್ತು ಎಂದರೆ ಬಟ್ಟೆ ಅವನದು. ಬಟ್ಟೆ ಬೀಸುವಾಗ ಗಳು ಊರದೆ ಗಾಡಿ ಒಂದು ಗಳಿಗೆ ನಿಂತಂತೆ ನಮಗೆಲ್ಲ ಕಂಡಿತ್ತು. ತುಕ್ರ ಮುಖದ ನೀರು ಒರೆಸಿಕೊಂಡ.

"ನಿಲ್ಲಲಿಲ್ಲ. ತೇಲ್ತಾ ಇತ್ತು," ಎಂದ. ಆಮೇಲೆ, "ಹಿಂಡು ತಿರುಗಿದ್ದು ನನಗೆ ಕಾಣಲಿಲ್ಲ ಮುದ್ದಣ್ಣ. ನಾನು ಕಾಲಡಿ ನೋಡ್ತಾ ಇದ್ದೆ," ಎಂದ.

ಅಲ್ಲಿಯವರೆಗೆ ಅವನ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಮಾವ ಬಟ್ಟೆಯನ್ನು ಹಿಂಡಿ ಮತ್ತೆ ತಲೆಗೆ ಸುತ್ತಿಕೊಂಡರು. "ನಾಳೆಯಿಂದ ಗಳು ನೀನು ಹಿಡಿ," ಎಂದರು ತುಕ್ರನಿಗೆ. "ದೂಡುವುದು ನೀನು, ತಿರುಗಿಸುವುದು ನಾನು. ನೋಡುವುದು ಇಬ್ಬರೂ. ಕಾಣುವವರೆಗೆ ಕಲಿಸ್ತೇನೆ."

ಹಾಗೆ ಒಂಬತ್ತು ವರ್ಷ ನಡೆಯಿತು. ಪ್ರತಿ ಮಳೆಗಾಲಕ್ಕೆ ಹೊಸ ಪೀಪಾಯಿ, ಪ್ರತಿ ಸಲವೂ ಲ್ಯಾನ್ಸಿಯ ಗೊಣಗಾಟ. ಕಲಿಸುವಾಗ ಮಾವನ ಬಾಯಿಯಲ್ಲಿ ತುಕ್ರ ಕೇಳಿದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ, ನಾನು ಟೀಚರ್. ನಲವತ್ತನಾಲ್ಕರಲ್ಲಿ ಮಾವನ ಕಣ್ಣಿಗೆ ಪೊರೆ ಬಂತು. ಅದನ್ನು ಅವರು ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಹಿಂಡು ತಿರುಗಿದ್ದನ್ನು ತುಕ್ರ ಅವರಿಗಿಂತ ಮೊದಲು ಹೇಳಿದ. ಬಲೆ ತುಂಬಿ ಬಂದ ಮೇಲೆ ಮಾವ ಗಾಡಿಯನ್ನು ನಲವತ್ತು ಜನರ ನಡುವೆ ನಿಲ್ಲಿಸಲು ಹೇಳಿದರು. ತುಕ್ರನನ್ನು ಎದುರು ಬಗ್ಗಿಸಿ, ತಮ್ಮ ತಲೆಯ ಬಟ್ಟೆಯನ್ನು ಬಿಚ್ಚಿ, ಅವನ ತಲೆಗೆ ತಾವೇ ಸುತ್ತಿದರು. ಸುತ್ತಿದ್ದು ಸರಿಯಾಗಲಿಲ್ಲವೆಂದು ಬಿಚ್ಚಿ ಇನ್ನೊಮ್ಮೆ ಸುತ್ತಿದರು.

ಅಮ್ಮ ಆ ದಿನ ಬುಟ್ಟಿ ಹೊತ್ತು ನದಿ ದಾಟಿದವಳು, ಮೀನು ಕೊಳ್ಳಲು ಬಂದವರಿಗೆಲ್ಲ ಕ್ರಯ ಹೇಳುವ ಮೊದಲು ಅದನ್ನೇ ಹೇಳಿದಳು. "ಬೆಂಗ್ರೆಯ ಹೊಸ ತಂಡೇಲನನ್ನು ಕಂಡಿರಾ? ಬಟ್ಟೆ ನನ್ನ ಅಣ್ಣ ಕೊಟ್ಟದ್ದು. ಕೈಯಾರೆ ಕೊಟ್ಟದ್ದು."