ಬೆಂಕಿಕಡ್ಡಿಯಷ್ಟು ಸಡಿಲ

ಆ ಶನಿವಾರ ಸಂಜೆ ಗಂಡ ನೆಲಕ್ಕೆ ಕೆನ್ನೆಯೊತ್ತಿ ಮಲಗಿದ್ದ. ಸುಸ್ತಾಗಿ ಅಲ್ಲ, ರಿಮೋಟ್ ಜೀಪಿನ ಹೊಟ್ಟೆಯಡಿ ನೋಡುವುದಕ್ಕೆ. ಟೈರ್ ಅಂಗಡಿಯಲ್ಲಿ ಬೆಳಗಿನಿಂದ ಬಸ್ಸು ಲಾರಿಗಳ ಅಡಿಗೆ ನುಸುಳಿದ್ದು ಸಾಲದು ಅಂತ, ಮನೆಗೆ ಬಂದು ಮೊಣಕೈಯುದ್ದದ ಜೀಪಿನ ಅಡಿಗೂ ನುಸುಳುವ ಹುಚ್ಚು.

"ರೀ, ಎದ್ದೇಳಿ. ಆ ಜಾಗ ಇನ್ನೂ ಗುಡಿಸಿಲ್ಲ," ಎಂದಳು ಹೆಂಡತಿ. ಅವಳು ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಕೂತು ಕಾವಲುಗಾರರ ಕೋಟುಗಳಿಗೆ ಗುಂಡಿ ಹಾಕುತ್ತಿದ್ದಳು. ಸೋಮವಾರ ಕೊಡಬೇಕಾದ ಕೋಟುಗಳು.

"ನಾನೇ ಗುಡಿಸ್ತಾ ಇದೀನಲ್ಲ, ಅಂಗಿಯಲ್ಲಿ."

"ಆ ಅಂಗಿ ಒಗೆಯೋರು ಯಾರು?"

"ಅದೂ ಒಂದು ಪ್ರಶ್ನೇನಾ?"

ಆ ಜೀಪು ಓಡುವ ಜಾತಿಯದಲ್ಲ, ಹತ್ತುವ ಜಾತಿಯದು. ಬಸವನಹುಳುವಿನ ಹಾಗೆ ಬಂಡೆಗೆ ಅಂಟಿಕೊಂಡು ತೆವಳಬೇಕು. ಕಲ್ಲು ಮಾರುವವನ ಅಂಗಡಿಯ ಹಿಂದೆ ಯಾರಿಗೂ ಬೇಡವಾದ ಬಂಡೆಗಳು ರಾಶಿ ಬಿದ್ದಿದ್ದವು. ಪ್ರತಿ ಭಾನುವಾರ ಬೆಳಿಗ್ಗೆ ಅವನು, ಅವನ ಗೆಳೆಯ ಬಡಗಿ, ಮತ್ತೆ ಕರೆಂಟ್ ಕೆಲಸದ ಒಬ್ಬ ಅಲ್ಲಿ ಸೇರುತ್ತಿದ್ದರು. ಕರೆಂಟಿನವನನ್ನು ಎಲ್ಲರೂ ವೋಲ್ಟೇಜ್ ಎಂದೇ ಕರೆಯುತ್ತಿದ್ದರು. ಮೂವರದ್ದೂ ಮೀಸೆ ನರೆತಿತ್ತು. ಮೂವರ ಕೈಯಲ್ಲೂ ರಿಮೋಟು. ಅಲ್ಲಿದ್ದ ಬಂಡೆಗಳಲ್ಲೆಲ್ಲ ಕಡಿದಾದದ್ದಕ್ಕೆ ಅವರು ಇಟ್ಟ ಹೆಸರು ಅತ್ತೆ.

"ಅತ್ತೆ ಅಂತ ಯಾಕೆ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಯಾರು ಏನು ಮಾಡಿದ್ರೂ ಒಪ್ಪಲ್ಲ, ಅದಕ್ಕೆ."

"ನಮ್ಮಮ್ಮ ನಿಮಗೆ ಏನು ಕಮ್ಮಿ ಮಾಡಿದ್ರು?"

"ನಿಮ್ಮಮ್ಮ ಅಂತ ನಾನೆಲ್ಲಿ ಅಂದೆ? ನಿನ್ನ ಅತ್ತೆ ಇರಬಹುದು."

ತನ್ನ ಹೆತ್ತ ತಾಯಿಯನ್ನೇ ಬಂಡೆ ಮಾಡಿಕೊಂಡು ನಗುವ ಗಂಡಸನ್ನು ಏನು ಮಾಡುವುದು. ಅವನ ತಂಗಿ ಬಂದಾಗಲೆಲ್ಲ ಆ ಜೀಪು ನೋಡಿ ಮೂಗು ಮುರಿಯುತ್ತಿದ್ದಳು. "ಅಣ್ಣನಿಗೆ ಎರಡನೇ ಬಾಲ್ಯ ಬಂದಿದೆ ಅತ್ತಿಗೆ," ಎನ್ನುತ್ತಿದ್ದಳು. "ಮೊದಲನೇದು ಎಲ್ಲಿ ಸಿಕ್ತು ನಂಗೆ?" ಎಂದು ಅವನು ಜೀಪಿನಡಿಯಿಂದಲೇ ಕೇಳುತ್ತಿದ್ದ.

ವೋಲ್ಟೇಜ್ ತನ್ನ ಜೀಪಿಗೆ ಬೇಕಾದ್ದೆಲ್ಲ ಅಂಗಡಿಯಿಂದ ತರಿಸುತ್ತಿದ್ದ. ಇವನು ತರಿಸುವವನಲ್ಲ. ಮನೆಯಲ್ಲಿ ಇರುವುದೇ ಸಾಕು ಎನ್ನುವವನು. ಜೀಪಿನ ಶಾಕ್ ಅಬ್ಸಾರ್ಬರುಗಳು ಬೆರಳುದ್ದದ ಕೊಳವೆಗಳು. ಅವುಗಳ ಹೊರಗಿದ್ದ ಗಟ್ಟಿ ಸ್ಪ್ರಿಂಗುಗಳನ್ನು ಕಿತ್ತು, ಒಳಗಡೆ ಪಿಸ್ಟನ್ನಿನ ಕೆಳಗೆ ಬಾಲ್ ಪೆನ್ನಿನ ಸ್ಪ್ರಿಂಗು ತುರುಕಿದ. ಈಗ ಸ್ಪ್ರಿಂಗು ಜೀಪನ್ನು ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆಯುತ್ತಿತ್ತು. ಜೀಪು ಕುಕ್ಕರಗಾಲಲ್ಲಿ ಕೂತ ಹಾಗೆ ಕೂತುಬಿಟ್ಟಿತು. ನೋಡಿದವರು ಕೆಟ್ಟುಹೋಗಿದೆ ಅನ್ನಬೇಕು, ಹಾಗೆ. "ಹೊಟ್ಟೆ ನೆಲಕ್ಕೆ ಹತ್ತಿರ ಇದ್ದಷ್ಟೂ ಉರುಳಲ್ಲ ಕಣೇ," ಎಂದು ಅವನ ವಾದ. ಬಸ್ಸಿನ ಚಕ್ರಕ್ಕೆ ತೂಕ ಸರಿಮಾಡಲು ಹಾಕುವ ಸೀಸದ ಚೂರುಗಳನ್ನು ತಂದು ಮುಂದಿನ ಚಕ್ರಗಳ ಒಳಗೆ ಅಂಟಿಸಿದ. ಹಿಂದಿದ್ದ ಬ್ಯಾಟರಿಯನ್ನು ಮೂತಿಗೆ ತಂದು ಕೂರಿಸಿದ. ಕೊಳವೆಗಳಿಗೆ ಅವಳ ಹೊಲಿಗೆ ಮಿಷನ್ನಿನ ಎಣ್ಣೆಯನ್ನೇ ಬಿಟ್ಟ. ಅದಕ್ಕೆ ಬೇರೆಯದೇ ಎಣ್ಣೆ ಬೇಕು, ಇದು ರಬ್ಬರ್ ತಿನ್ನುತ್ತೆ ಎಂದು ವೋಲ್ಟೇಜ್ ಬಡಕೊಂಡಿದ್ದ. ಕೇಳಲಿಲ್ಲ. ಎಣ್ಣೆ ಸೋರದಂತೆ ಕೊಳವೆಗಳಲ್ಲಿದ್ದ ರಬ್ಬರ್ ಬಳೆಗಳು ಉಬ್ಬಿದವು. ಅಂದಿನಿಂದ ಜೀಪು ರಾತ್ರಿಯೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಎದ್ದು ಒರೆಸಿ, ಸೋರಿದಷ್ಟನ್ನು ಅವನೇ ತುಂಬುತ್ತಿದ್ದ.

ಇಷ್ಟೆಲ್ಲ ಮಾಡಿದರೂ ಅತ್ತೆಯ ನಡುಮಧ್ಯಕ್ಕೆ ಬಂದರೆ ಜೀಪು ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತಿತ್ತು. ಆ ಸಂಜೆ ಅವನು ಮುಂದಿನ ಚಕ್ರಗಳ ಆಕ್ಸಲನ್ನು ತಂತಿಯಿಂದ ಜೀಪಿನ ಚೌಕಟ್ಟಿಗೆ ಕಟ್ಟಿ ನೋಡುತ್ತಿದ್ದ. ಇಸ್ತ್ರಿ ಹಲಗೆಯನ್ನು ಗೋಡೆಗೆ ಒರಗಿಸಿ, ಮೇಲೆ ದಪ್ಪ ಪುಸ್ತಕ ಇಟ್ಟು, ಜೀಪು ಹತ್ತಿಸುತ್ತಿದ್ದ. ಬಿಗಿಯಾಗಿ ಕಟ್ಟಿದರೆ ಚಕ್ರ ಕೆಳಗಿಳಿಯದೆ ಪುಸ್ತಕಕ್ಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಸಡಿಲ ಬಿಟ್ಟರೆ ಮತ್ತೆ ಮೂತಿ ಮೇಲೆ.

"ಏನು, ಇದೂ ಬೇಡ, ಅದೂ ಬೇಡ ಅಂತೀರಿ?" ಎಂದಳು ಅವಳು.

"ಬಿಗಿನೂ ಇರಬೇಕು, ಸ್ವಲ್ಪ ಆಟನೂ ಇರಬೇಕು. ಎಷ್ಟು ಅಂತ ಗೊತ್ತಾಗ್ತಿಲ್ಲ."

"ಬೆಂಕಿಕಡ್ಡಿ ಇಟ್ಟು ಕಟ್ಟಿ."

ಅವನು ತಲೆ ಎತ್ತಿದ. ಕೆನ್ನೆಗೆ ನೆಲದ ಮಣ್ಣು ಅಂಟಿತ್ತು.

ಅವಳು ಕೋಟನ್ನು ಅವನ ಮುಖಕ್ಕೆ ಹಿಡಿದಳು. "ಇಲ್ನೋಡಿ. ಗುಂಡಿ ಬಿಗಿಯಾಗಿ ಹೊಲಿದ್ರೆ ದಪ್ಪ ಬಟ್ಟೆ ಒಳಗೆ ಕೂರಲ್ಲ, ಸುಕ್ಕು ಬೀಳುತ್ತೆ. ಅದಕ್ಕೆ ಗುಂಡಿ ಮೇಲೊಂದು ಕಡ್ಡಿ ಇಟ್ಟು, ಅದರ ಮೇಲಿಂದ ದಾರ ಹಾಕ್ತೀನಿ. ಆಮೇಲೆ ಕಡ್ಡಿ ಎಳ್ಕೊಂಡ್ರೆ ಅಷ್ಟೇ ಸಡಿಲ ಉಳಿಯುತ್ತೆ."

"ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಯಾವತ್ತು ಗುಂಡಿ ಹೊಲಿದ್ರಿ?"

ಮೇಣ ಹಚ್ಚಿದ ಕರಿ ದಾರವನ್ನು ಅವಳೇ ಸುತ್ತಿದಳು. ಅವನು ಜೀಪು ಹಿಡಿದುಕೊಂಡ. ಆಕ್ಸಲಿಗೂ ದಾರಕ್ಕೂ ನಡುವೆ ಬೆಂಕಿಕಡ್ಡಿ. ಗಂಟು ಹಾಕಿ, ಹಲ್ಲಲ್ಲಿ ದಾರ ಕಡಿದು, ಕಡ್ಡಿ ಎಳೆದಳು. ಜೀಪು ಪುಸ್ತಕ ಹತ್ತಿತು. ಹಲಗೆಯ ತುದಿಗೂ ಹೋಗಿ ನಿಂತಿತು. ಅವನು ಹೋ ಎಂದು ಕೂಗಿದ ಸದ್ದಿಗೆ ಪಕ್ಕದ ಮನೆಯವರು ಗೋಡೆ ತಟ್ಟಿದರು.

"ನಾಳೆ ಅತ್ತೆ ತಲೆ ಮೇಲೆ ನಿಲ್ಲಿಸ್ತೀನಿ. ನೀನೂ ಬಾ."

"ಕೋಟು ಯಾರು ಮುಗಿಸ್ತಾರೆ? ಹತ್ತಿದ್ರೆ ಬಂದು ಹೇಳಿ."

"ಓಡಿ ಬಂದು ಹೇಳ್ತೀನಿ," ಎಂದ.

ಮಾರನೆ ದಿನ ಬೆಳಿಗ್ಗೆ ಹೋಗುವಾಗ ಅವನು ಜೀಪನ್ನು ಅವಳ ಹೊಲಿಗೆ ಚೀಲದಲ್ಲೇ ಹಾಕಿಕೊಂಡು ಹೋದ. ಕೂಗಿ ಬೈದಳು. ಅವನ ಜೊತೆ ಅವಳಾಡಿದ ಕೊನೆಯ ಮಾತು ಅದು, ಚೀಲದ ವಿಷಯ.

ಬಡಗಿಯ ಫೋನು ಬಂದಾಗ ಅವಳ ಬೆರಳಲ್ಲಿ ಇನ್ನೂ ಸೂಜಿ ಚುಚ್ಚದಂತೆ ಹಾಕುವ ತಗಡಿನ ಟೋಪಿ ಇತ್ತು.

"ಅಕ್ಕಾ," ಎಂದ ಅವನು.

"ಹತ್ತಿತಾ?" ಎಂದಳು.

"ಅಕ್ಕಾ, ಬನ್ನಿ. ಬೇಗ ಬನ್ನಿ," ಎಂದ.

ಅವಳು ಕಲ್ಲಿನ ಅಂಗಡಿಯ ಹಿಂದೆ ಹೋದಾಗ ಗಂಡ ನೆಲಕ್ಕೆ ಕೆನ್ನೆಯೊತ್ತಿ ಮಲಗಿದ್ದ. ಹಿಂದಿನ ಸಂಜೆ ಮಲಗಿದ್ದ ಹಾಗೇ. ಅದಕ್ಕೇ ಅವಳ ಬಾಯಿಂದ ಅದೇ ಮಾತು ಬಂತು. "ರೀ, ಎದ್ದೇಳಿ."

ವೋಲ್ಟೇಜ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಆಚೆ ತಿರುಗಿದ.

ಅವಳು ಬಗ್ಗಿ ಗಂಡನ ಕೆನ್ನೆಯ ಮಣ್ಣು ಒರೆಸಿದಳು. ಕೆನ್ನೆ ಇನ್ನೂ ಬಿಸಿಯಿತ್ತು. ತಲೆ ಎತ್ತಿದರೆ ಅತ್ತೆಯ ನಡುಮಧ್ಯದಲ್ಲಿ ಜೀಪು. ರಿಮೋಟಿನ ಗುಂಡಿಯಿಂದ ಬೆರಳು ತೆಗೆದರೆ ಆ ಜೀಪು ಜಾರುವುದಿಲ್ಲ, ಇದ್ದಲ್ಲೇ ಚಕ್ರ ಬಿಗಿಹಿಡಿದು ನಿಲ್ಲುತ್ತದೆ. ಬೆರಳು ಬಿಟ್ಟಲ್ಲಿ ನಿಂತಿತ್ತು. ಮೂತಿ ಎತ್ತಿರಲಿಲ್ಲ. ಮುಂದಿನ ಚಕ್ರಗಳೆರಡೂ ಕಲ್ಲಿಗೆ ತಾಗಿಕೊಂಡಿದ್ದವು. ಪುಟಾಣಿ ದೀಪ ಉರಿಯುತ್ತಿತ್ತು.

ಹೃದಯ ನಿಂತಿದೆ, ಬೀಳುವ ಮೊದಲೇ ನಿಂತಿರಬೇಕು ಎಂದರು ಆಸ್ಪತ್ರೆಯವರು. ಅವಳು ತಲೆಯಾಡಿಸಿದಳು. ಬಡಗಿಯ ಕಡೆ ತಿರುಗಿ, "ಬ್ಯಾಟರಿ ಆಫ್ ಮಾಡಿ ಬಂದ್ರಾ? ಇಲ್ಲದಿದ್ರೆ ಹಾಳಾಗುತ್ತೆ," ಎಂದಳು. ಬಡಗಿ ಅವಳ ಮುಖ ನೋಡಿದ. ಪಿಳಿಪಿಳಿ ನೋಡಿದ.

ಸೋಮವಾರ ಅವಳು ಕೋಟು ತೆಗೆದುಕೊಂಡು ಹೊರಟಳು. ನಾದಿನಿ ಬಾಗಿಲಿಗೆ ಅಡ್ಡ ನಿಂತಳು.

"ಅತ್ತಿಗೆ, ನಿಮ್ಮ ತಲೆ ನೆಟ್ಟಗಿದೆಯಾ? ನಿನ್ನೆ ಅಣ್ಣ ಹೋಗಿದಾನೆ."

"ಸೋಮವಾರ ಅಂತ ಹೇಳಿದ್ದೆ."

"ಯಾರಿಗೆ?"

ಯಾರಿಗೆ ಎಂದು ಅವಳಿಗೇ ನೆನಪಾಗಲಿಲ್ಲ. ಕೋಟು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತಳು. ಬಿಸಿಲು ಇಳಿಯುವವರೆಗೂ ಕೂತಿದ್ದಳು. ಅಳು ಬರಲಿಲ್ಲ. ಬರಸಿಡಿಲು ಬಡಿದ ಮರಕ್ಕೆ ಎಲೆ ಉದುರಲೂ ಹೊತ್ತು ಬೇಕು.

ಮನೆಗೆ ಬಂದವರನ್ನೆಲ್ಲ ಅವಳು ಕೇಳಿದ್ದು ಒಂದೇ. "ಅದು ಹತ್ತುತ್ತಿತ್ತಾ, ಇಲ್ಲ ಸಿಕ್ಕಿಹಾಕಿಕೊಂಡಿತ್ತಾ?" ದುಃಖಕ್ಕೆ ಬುದ್ಧಿ ಅಲುಗಾಡಿದೆ ಎಂದುಕೊಂಡು ಅವರು ಹೂಂ ಹೂಂ ಎಂದರು. ಬಡಗಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವನದೇ ಇನ್ನೊಂದು ಜೀಪು ಮಗುಚಿಬಿದ್ದಿತ್ತು, ಅದನ್ನು ಎತ್ತಲು ಹೋಗಿದ್ದ. ವೋಲ್ಟೇಜ್ ಬೆನ್ನು ತಿರುಗಿಸಿ ಬ್ಯಾಟರಿ ಬದಲಿಸುತ್ತಿದ್ದ. ನೋಡಿದವನು ಒಬ್ಬನೇ, ಅವನು ಹೇಳುವ ಹಾಗಿಲ್ಲ. ಗಂಡ ಗೆದ್ದು ಹೋದನೋ, ಸೋತು ಹೋದನೋ.

ಕೆಲವು ದಿನ ಬಿಟ್ಟು ಬಡಗಿ, ವೋಲ್ಟೇಜ್ ಇಬ್ಬರೂ ಬಂದರು. ಬಟ್ಟೆಯಲ್ಲಿ ಸುತ್ತಿದ್ದ ಜೀಪನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಫಳಫಳ ಹೊಳೆಯುತ್ತಿತ್ತು. ಕುಕ್ಕರಗಾಲಲ್ಲಿ ಕೂತಿರುತ್ತಿದ್ದ ಜೀಪು ಹೊಸ ಸ್ಪ್ರಿಂಗುಗಳ ಮೇಲೆ ಎದೆ ಉಬ್ಬಿಸಿಕೊಂಡು ನಿಂತಿತ್ತು.

"ಎತ್ತಿಕೊಂಡಾಗ ಮೂತಿ ಎಂದಿಗಿಂತಲೂ ಕೆಳಗೆ ಕುಸಿದುಹೋಗಿತ್ತು ಅಕ್ಕ," ಎಂದ ಬಡಗಿ. "ಸ್ಪ್ರಿಂಗೆಲ್ಲ ಮುರಿದಿವೆ ಅಂದ್ಕೊಂಡ್ವಿ. ನಾವಿಬ್ರೂ ಸೇರಿ ಒಳ್ಳೇದು ಹಾಕಿಸಿದೀವಿ. ಅಣ್ಣನ ನೆನಪಿಗೆ."

ವೋಲ್ಟೇಜ್ ಜೀಪನ್ನು ಒತ್ತಿ ಬಿಟ್ಟ. ಅದು ಚಂಗನೆ ಎದ್ದಿತು. "ನೋಡಿ, ಎಣ್ಣೇನೂ ಸೋರಲ್ಲ ಈಗ."

ಅವಳು ಜೀಪನ್ನು ಮಗುಚಿ ನೋಡಿದಳು. "ದಾರ ಎಲ್ಲಿ?"

"ಯಾವ ದಾರ?"

"ಮುಂದೆ ಕಟ್ಟಿದ್ದ ಕರಿ ದಾರ!"

"ಓ, ಅದಾ. ಏನೋ ಸಿಕ್ಕಿಹಾಕಿಕೊಂಡಿತ್ತು. ಕತ್ತರಿಸಿ ಬಿಸಾಕಿದ್ವಿ."

ಅವಳು ಜೀಪನ್ನು ಎದೆಗೆ ಎಳೆದುಕೊಂಡಳು. "ಕೆಟ್ಟಿತ್ತು ಅಂತ ಯಾರು ಹೇಳಿದ್ರು ನಿಮಗೆ? ಅವರೇ ಹಾಗೆ ಕೂರಿಸಿದ್ದು! ನಾನೇ ಕಟ್ಟಿದ್ದು!" ಎಂದು ಕಿರುಚಿದಳು. ಒಳಗಿದ್ದ ನಾದಿನಿ ಓಡಿಬಂದಳು. ಗಂಡಸರಿಬ್ಬರೂ ಗರ ಬಡಿದವರ ಹಾಗೆ ನಿಂತರು. ಬಡಗಿಯ ಕಣ್ಣಲ್ಲಿ ನೀರು ತುಂಬಿತು. "ನಮಗೆ ಗೊತ್ತಿರಲಿಲ್ಲ ಅಕ್ಕ. ದೇವರಾಣೆ ಗೊತ್ತಿರಲಿಲ್ಲ."

ಗೊತ್ತಿರುವುದಾದರೂ ಹೇಗೆ. ದಾರ ಕಟ್ಟಿದ್ದು ಶನಿವಾರ ಸಂಜೆಯ ಕೆಲಸ. ಭಾನುವಾರ ಗೆದ್ದು ತೋರಿಸೋಣ ಎಂದು ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

"ಹಳೇ ಕೊಳವೆಗಳು ಎಲ್ಲಿವೆ?" ಎಂದು ಕೇಳಿದಳು.

ಪುಣ್ಯಕ್ಕೆ ಬಡಗಿ ಏನನ್ನೂ ಎಸೆಯುವವನಲ್ಲ. ಮೊಳೆ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಹೋಗಿ ತಂದ. ಅವತ್ತೇ ಬಿಚ್ಚಿ ಹಾಕಿದರು. ಪೆನ್ನಿನ ಸ್ಪ್ರಿಂಗು ಎಲ್ಲಿ ಹೇಗೆ ಕೂರುತ್ತದೆ ಎಂದು ಅವಳು ಹೇಳುತ್ತ ಹೋದಳು, ಅವರು ಹಾಕುತ್ತ ಹೋದರು. ಜೀಪು ನಿಧಾನವಾಗಿ ಮತ್ತೆ ಕುಕ್ಕರಿಸಿತು. ಕೊನೆಗೆ ದಾರಕ್ಕೆ ಮೇಣ ಹಚ್ಚಿ, ಕಡ್ಡಿ ಇಟ್ಟು, ಅವಳೇ ಗಂಟು ಹಾಕಿದಳು. ಜೀಪು ಹಿಡಿದುಕೊಂಡವಳು ನಾದಿನಿ. ಎರಡನೇ ಬಾಲ್ಯ ಎಂದು ಆಡಿಕೊಂಡವಳೇ, ಕೂಸು ಹಿಡಿದ ಹಾಗೆ ಹಿಡಿದಿದ್ದಳು.

"ಇಷ್ಟೇ ಇಷ್ಟು ದಾರಕ್ಕೆ ಅತ್ತೆ ಒಪ್ತಾಳಾ?" ಎಂದ ವೋಲ್ಟೇಜ್, ಮೆಲ್ಲಗೆ.

"ಅದನ್ನೇ ನೋಡಬೇಕು," ಎಂದಳು.

ಭಾನುವಾರ ಅವಳೂ ಕಲ್ಲಿನ ಅಂಗಡಿಯ ಹಿಂದಕ್ಕೆ ಹೋದಳು. ಗಂಡ ಬಿದ್ದ ಜಾಗದಲ್ಲೇ ನಿಂತಳು. ಅಲ್ಲಿಂದಲೇ ಬಂಡೆ ಚೆನ್ನಾಗಿ ಕಾಣುವುದು, ಅದಕ್ಕೇ ಅವನೂ ಅಲ್ಲಿ ನಿಂತಿದ್ದ. ರಿಮೋಟು ಬಡಗಿಯ ಕೈಯಲ್ಲಿ. ಜೀಪು ಅತ್ತೆಯ ಬುಡ ಮುಟ್ಟಿತು. ಮೊದಲ ಅಂಚು ಹತ್ತಿತು. ಒಂದು ಚಕ್ರ ಬಿರುಕಿಗೆ ಇಳಿಯಿತು, ಇನ್ನೊಂದು ಮೇಲೇರಿತು, ಹೊಟ್ಟೆ ಅಲುಗಲಿಲ್ಲ. ನಡುಮಧ್ಯಕ್ಕೆ ಬಂತು. ಗಂಡ ಬೆರಳು ಬಿಟ್ಟ ಜಾಗ.

"ನಿಲ್ಲಿಸಿ," ಎಂದಳು.

ಬಡಗಿ ಬೆರಳು ತೆಗೆದ. ಜೀಪು ನಿಂತಿತು. ಇಲ್ಲಿವರೆಗೆ ಗಂಡ ತಂದಿದ್ದ. ಇಲ್ಲಿಂದ ಮೇಲೆ ಏನಾಗುತ್ತಿತ್ತು ಎನ್ನುವುದು ಯಾರಿಗೂ ಗೊತ್ತಿಲ್ಲ.

"ಹೋಗಲಿ," ಎಂದಳು.

ಹಿಂದಿನ ಚಕ್ರಗಳು ಕಲ್ಲನ್ನು ಕೆರೆದವು. ಮೂತಿ ಏಳಲು ನೋಡಿತು. ದಾರ ಬಿಗಿಯಾಯಿತು, ಅವಳಿಗೆ ನಿಂತಲ್ಲಿಂದಲೇ ಕಂಡಿತು. ಮೂತಿ ಕೂತಿತು. ಚಕ್ರಗಳು ಕಲ್ಲು ಕಚ್ಚಿದವು. ಜೀಪು ತೆವಳಿ, ತೆವಳಿ, ಅತ್ತೆಯ ತಲೆಯ ಮೇಲೆ ಹೋಗಿ ನಿಂತಿತು.

"ರೀ, ಹತ್ತಿತು ಕಣ್ರೀ!" ಎಂದು ಅವಳು ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಗೊತ್ತಾಯಿತು ಅವಳಿಗೆ, ಅವನು ಸತ್ತಿದ್ದಾನೆ ಎಂದು. ಆಸ್ಪತ್ರೆಯವರು ಹೇಳಿದ್ದಕ್ಕಲ್ಲ, ಮಣ್ಣು ಮಾಡಿ ಬಂದಿದ್ದಕ್ಕಲ್ಲ. ಹೇಳಲು ಜನ ಇಲ್ಲದ್ದಕ್ಕೆ. ಅಲ್ಲೇ ಕೂತಳು, ಕೆನ್ನೆ ನೆಲಕ್ಕೆ ಒತ್ತಿದಳು, ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಗಂಡಸರಿಬ್ಬರೂ ದೂರ ಸರಿದು ನಿಂತರು. ಜೀಪನ್ನು ಇಳಿಸಲು ಯಾರೂ ಹೋಗಲಿಲ್ಲ.

ಅದು ಈಗ ಅವಳ ಮನೆಯ ಕಿಟಕಿಕಟ್ಟೆಯ ಮೇಲೆ, ಒಂದು ಹಳೇ ತಗಡಿನ ಮುಚ್ಚಳದಲ್ಲಿ ಕೂತಿದೆ. ಸೋರದ ಹೊಸ ಬಳೆ ಹಾಕಿಕೊಡುತ್ತೇನೆ ಎಂದು ವೋಲ್ಟೇಜ್ ಈಗಲೂ ಹೇಳುತ್ತಾನೆ. ಅವಳು ಬೇಡ ಎನ್ನುತ್ತಾಳೆ. ಬೆಳಿಗ್ಗೆ ಮಿಷನ್ನಿಗೆ ಕೂರುವ ಮೊದಲು ಎಣ್ಣೆಡಬ್ಬಿ ಹಿಡಿದು ಮಿಷನ್ನಿಗೆ ಬಿಡುತ್ತಾಳೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಜೀಪನ್ನು ಎತ್ತುತ್ತಾಳೆ. ಕಾಲುಗಳು ಜೋತು ಬೀಳುತ್ತವೆ. ಮುಚ್ಚಳದಲ್ಲಿ ರಾತ್ರಿ ತೊಟ್ಟಿಕ್ಕಿದ ಎಣ್ಣೆಯನ್ನು ಕೋಟಿನ ಚಿಂದಿಯಲ್ಲಿ ಒರೆಸುತ್ತಾಳೆ. ಸೋರಿದಷ್ಟನ್ನು ತುಂಬಿ, ಮತ್ತೆ ಕೂರಿಸುತ್ತಾಳೆ.